ಮರಳಿ ನೆಲಸಿದವರ ದ್ವೀಪ



ನಮ್ಮ ಶಾಲೆಯ ನೂರರ ಸಂಭ್ರಮದಲ್ಲಿ ಜಪಾನಿನ ಪುಟ್ಟ ದ್ವೀಪವೊಂದರ ಮಾತೇಕೆ ಎಂದು ತಮಗೆ ಅನ್ನಿಸಬಹುದು. ಹೊಳೆಯಾಚೆ ಕರ್ನಾಟಕ, ಈಚೆ ಕೇರಳ ಎಂಬಂತಿರುವ ಕೊಳವಳ್ಳಿಯಲ್ಲಿ ಕುಳಿತು ಓದಿದಾಗ ಅದರ ಚರಿತ್ರೆ ನನಗೆ ಪರದೇಶದ್ದೆನಿಸಲಿಲ್ಲ.

ಟೋಕಿಯೊದಿಂದ ದಕ್ಷಿಣಕ್ಕೆ ಸುಮಾರು 360 ಕಿಲೋಮೀಟರು ದೂರದ ಆವೋಗಾಶಿಮಾ, ಕಡಲಿನಿಂದ ತಲೆಯೆತ್ತಿದ ಅಗ್ನಿಪರ್ವತದ ಶಿಖರ. ವಿಸ್ತೀರ್ಣ ಆರು ಚದರ ಕಿಲೋಮೀಟರಿನಷ್ಟು; ಇಂದಿನ ನಿವಾಸಿಗಳು ಇನ್ನೂರಕ್ಕೂ ಕಡಿಮೆ. ನೆಲದ ಬಿರುಕುಗಳಿಂದ ಹೊಮ್ಮುವ ಬಿಸಿ ಹಬೆಯಲ್ಲಿ ಅವರು ಗೆಣಸು ಬೇಯಿಸುತ್ತಾರೆ, ಕಡಲ ನೀರನ್ನು ಇಂಗಿಸಿ ಉಪ್ಪು ತೆಗೆಯುತ್ತಾರೆ. ಅನ್ನ ಕೊಡುವ ಅದೇ ಬೆಂಕಿ 1785ರಲ್ಲಿ ಊರನ್ನೇ ನುಂಗಿತು. ಸುಮಾರು 330 ಜನರಲ್ಲಿ 200ರಷ್ಟು ಮಂದಿ ಉತ್ತರದ ಹಾಚಿಜೋ ದ್ವೀಪಕ್ಕೆ ಪಾರಾದರು. ದೋಣಿಗಳು ಸಾಲಲಿಲ್ಲ, ಉಳಿದ 130ಕ್ಕೂ ಮಿಕ್ಕ ಜನ ಅಲ್ಲಿಯೇ ಅಳಿದರು.

ಪಾರಾದವರು ಹಾಚಿಜೋದಲ್ಲಿ ಹಂಗಿನ ಬಾಳು ಬಾಳಿದರು. ಹಿಂದಿರುಗುವ ಯತ್ನಗಳನ್ನು ಬಿರುಗಾಳಿ ಮತ್ತೆ ಮತ್ತೆ ಕೆಡಿಸಿತು. ಕಡೆಗೆ ಸಸಾಕಿ ಜಿರೋದಯು ಎಂಬ ಮುಖಂಡನ ನೇತೃತ್ವದಲ್ಲಿ ಬೂದಿಯ ನೆಲವನ್ನು ಹಸನುಮಾಡಿ, 1835ರಲ್ಲಿ ಮರುವಸತಿಯನ್ನು ಪೂರ್ಣಗೊಳಿಸಿದರು. ಸರಿಯಾಗಿ ಐವತ್ತು ವರ್ಷ! ಹತ್ತರ ವಯಸ್ಸಿನಲ್ಲಿ ಹೊರಟ ಬಾಲಕನಿಗೆ ಅಷ್ಟರಲ್ಲಿ ಅರುವತ್ತಾಗಿತ್ತು. ಹಾಚಿಜೋದಲ್ಲಿ ಹುಟ್ಟಿದವರಿಗೆ ತಮ್ಮ ಊರೆಂಬುದು ಹಿರಿಯರ ಬಾಯಿಮಾತಿನಲ್ಲಷ್ಟೇ ಇದ್ದಿರಬೇಕು. ಕಾಣದ ಊರಿಗೆ ಅವರನ್ನು ಹೊರಡಿಸಿದ್ದು ಆ ಮಾತೇ ಎಂದು ನಾನು ಬಗೆಯುತ್ತೇನೆ. ಜಾನಪದ ವಿದ್ವಾಂಸ ಯಾನಗಿತಾ ಕುನಿಯೊ ಈ ಪುನರಾಗಮನವನ್ನು ಕುರಿತು ಬರೆದಿದ್ದಾರೆ.

ಈಗ ಆ ಮಾತಿಗೇ ಕುತ್ತು ಬಂದಿದೆ. ಹಾಚಿಜೋ, ಆವೋಗಾಶಿಮಾಗಳ ನುಡಿಯನ್ನು ಯುನೆಸ್ಕೊ 2009ರಲ್ಲಿ ಅಪಾಯದಲ್ಲಿರುವ ಭಾಷೆಗಳ ಪಟ್ಟಿಗೆ ಸೇರಿಸಿತು. ಮಲಯಾಳದ ನಡುವೆ ಕನ್ನಡದ ಅಕ್ಷರ ತಿದ್ದಿದ ನಾವು ಇದನ್ನು ಓದಿ ಸುಮ್ಮನಿರುವುದು ಕಷ್ಟ. ನಮ್ಮದು ಕೋಟ್ಯಂತರ ಜನರ ಭಾಷೆ, ನಿಜ. ಆದರೆ ಮನೆಯೊಳಗೆ ಮಾತು ನಿಲ್ಲಲು ಆ ಕೋಟಿಗಳ ಅಪ್ಪಣೆ ಬೇಕಿಲ್ಲ.

ದ್ವೀಪದಲ್ಲೊಂದು ಶಾಲೆಯಿದೆ, ವಿದ್ಯಾರ್ಥಿಗಳು ಬೆರಳೆಣಿಕೆಯಷ್ಟು. ಒಂಬತ್ತು ವರ್ಷದ ಕಲಿಕೆ ಮುಗಿದೊಡನೆ, ಮುಂದಿನ ಓದಿಗೆ ಅಲ್ಲಿ ಶಾಲೆಯಿಲ್ಲದ್ದರಿಂದ, ಹದಿನೈದರ ಮಕ್ಕಳು ಊರು ಬಿಡುತ್ತಾರೆ. ಹಾಚಿಜೋಗೆ ಅಲ್ಲಿಂದ ಹಲವು ವರ್ಷ ಓಡಾಡಿದ ಹಡಗಿನ ಹೆಸರು ‘ಕನ್‌ಜೂ ಮಾರು’. ‘ಕನ್‌ಜೂ’ ಎಂದರೆ ಮರಳಿ ಬಂದು ನೆಲಸುವುದು.