ಮರ್ಸಿ ದಂಡೆಯ ಹೂಳು



ದೂರದರ್ಶನದಲ್ಲಿ ಕೆಲಸ ಮಾಡುವವರಿಗೆ ಒಂದು ತೊಡಕಿದೆ. ನಗರದ ಬೀದಿ, ಸೇತುವೆ, ಜನಜಂಗುಳಿಯನ್ನು ಕ್ಯಾಮೆರಾದಲ್ಲಿ ಹಿಡಿಯುವುದು ಸುಲಭ. ಆ ನಗರ ಹಾಗಾಗಲು ಕಾರಣವಾದ ಕಾನೂನು, ಆಯವ್ಯಯ ಪತ್ರ, ಸರ್ಕಾರಿ ಕಡತಗಳು ಮಾತ್ರ ಚಿತ್ರಕ್ಕೆ ಒಗ್ಗುವುದಿಲ್ಲ. ಪಾಳುಬಿದ್ದ ಊರೊಂದು ಮತ್ತೆ ತಲೆಯೆತ್ತಿತು ಎಂದು ನಾವು ತೋರಿಸಿಬಿಡುತ್ತೇವೆ. ಎತ್ತಿದವರು ಯಾರು, ಮೊದಲು ಬೀಳಿಸಿದವರು ಯಾರು ಎಂಬುದು ತೆರೆಯ ಹಿಂದೆಯೇ ಉಳಿಯುತ್ತದೆ. ಇಂದು ಇಂಗ್ಲೆಂಡಿನ ಲಿವರ್‌ಪೂಲ್ ನಗರವನ್ನು ಮುಂದಿಟ್ಟುಕೊಂಡು ಆ ತೆರೆಯ ಹಿಂದಿನ ಸಂಗತಿಯನ್ನು ನೋಡೋಣ.

ಮರ್ಸಿ ನದಿ ಸಮುದ್ರ ಸೇರುವಲ್ಲಿ ಬೆಳೆದ ಈ ಬಂದರು ಹತ್ತಿಯ ವ್ಯಾಪಾರದಿಂದಲೂ, ಅದಕ್ಕೆ ಮುಂಚೆ ಗುಲಾಮರ ವ್ಯಾಪಾರದಿಂದಲೂ ಸಿರಿವಂತವಾದದ್ದು. 1931ರ ಜನಗಣತಿಯಲ್ಲಿ ಅಲ್ಲಿ ಸುಮಾರು ಎಂಟೂವರೆ ಲಕ್ಷ ಜನ. 1981ರ ವೇಳೆಗೆ ಅದು ಐದು ಲಕ್ಷದ ಆಸುಪಾಸಿಗೆ ಇಳಿದಿತ್ತು. ಕಂಟೇನರ್ ಪೆಟ್ಟಿಗೆಗಳು ಬಂದು ಹಮಾಲರ ಕೆಲಸ ಹೋಯಿತು, 1973ರಲ್ಲಿ ಬ್ರಿಟನ್ ಯುರೋಪಿನ ಆರ್ಥಿಕ ಸಮುದಾಯವನ್ನು ಸೇರಿದ ಮೇಲೆ ವ್ಯಾಪಾರ ಪೂರ್ವ ಮತ್ತು ದಕ್ಷಿಣದ ಬಂದರುಗಳ ಕಡೆ ತಿರುಗಿತು ಎಂದು ಪಠ್ಯಪುಸ್ತಕಗಳು ಹೇಳುತ್ತವೆ. ಅದು ನಿಜವೇ.

ಆದರೆ ಇನ್ನೊಂದು ಕಾರಣವೂ ಇದೆ. ಎರಡನೆಯ ಮಹಾಯುದ್ಧದ ನಂತರ ಇಕ್ಕಟ್ಟಾದ ನಗರಗಳಿಂದ ಜನರನ್ನು ಹೊರಗೆ ಕಳುಹಿಸುವುದೇ ಸರ್ಕಾರದ ನೀತಿಯಾಗಿತ್ತು. ಲಿವರ್‌ಪೂಲ್ ಸುತ್ತ 1961ರಲ್ಲಿ ಸ್ಕೆಲ್ಮರ್ಸ್‌ಡೇಲ್, 1964ರಲ್ಲಿ ರನ್‌ಕಾರ್ನ್ ಎಂಬ ಹೊಸ ಪಟ್ಟಣಗಳನ್ನು ಗೊತ್ತುಮಾಡಿದರು. ಉದ್ದೇಶ ಒಳ್ಳೆಯದೇ, ಕೊಳೆಗೇರಿಯಲ್ಲಿದ್ದವರಿಗೆ ಗಾಳಿ ಬೆಳಕಿನ ಮನೆ ಸಿಕ್ಕಿತು. ಆದರೆ ಹಾಗೆ ಹೊರಟವರಲ್ಲಿ ಕಸುಬು ಬಲ್ಲವರು, ಎಳೆಯ ಸಂಸಾರಗಳು ಹೆಚ್ಚು. ಹಳೆಯ ಊರಿನಲ್ಲಿ ತೆರಿಗೆ ಕಟ್ಟುವ ಕೈಗಳು ಕಡಿಮೆಯಾದವು. ಚರಂಡಿ, ರಸ್ತೆ, ಶಾಲೆಗಳ ಖರ್ಚು ಹಾಗೆಯೇ ಉಳಿಯಿತು. 1978ರಲ್ಲಿ ನಗರದ ಒಳಭಾಗಗಳಿಗೆ ನೆರವು ನೀಡುವ ಕಾನೂನು ಬಂದಾಗ, ಸರ್ಕಾರ ತನ್ನದೇ ಹಳೆಯ ನೀತಿಯನ್ನು ತಿದ್ದಿಕೊಳ್ಳುತ್ತಿತ್ತು ಎನ್ನಬಹುದು.

ಇನ್ನು ಆಲ್ಬರ್ಟ್ ಡಾಕ್ ಎಂಬ ಹಡಗುಕಟ್ಟೆಯ ವಿಷಯ. ವಿಜ್ಞಾನ ಓದಿದ ನನಗೆ ಈ ಭಾಗದ ಮೇಲೆ ತುಸು ಮೋಹ ಹೆಚ್ಚು. ಜೆಸ್ಸಿ ಹಾರ್ಟ್ಲಿ ಎಂಬ ಎಂಜಿನಿಯರ್ ರೂಪಿಸಿದ ಈ ಕಟ್ಟೆ 1846ರಲ್ಲಿ ತೆರೆಯಿತು. ಬೆಂಕಿಯ ಭಯದಿಂದ ಗೋದಾಮುಗಳ ಕಟ್ಟೋಣಕ್ಕೆ ಮರ ಬಳಸಲಿಲ್ಲ. ಎಲ್ಲ ಕಬ್ಬಿಣ, ಇಟ್ಟಿಗೆ, ಕಲ್ಲು. 1972ರಲ್ಲಿ ಅದು ಮುಚ್ಚಿತು. ಮರ್ಸಿಯಲ್ಲಿ ದೊಡ್ಡ ಉಬ್ಬರದ ದಿನಗಳಲ್ಲಿ ನೀರು ಎಂಟು-ಒಂಬತ್ತು ಮೀಟರ್ ಏರಿ ಇಳಿಯುತ್ತದೆ. ಹಡಗುಕಟ್ಟೆಯ ಬಾಗಿಲು ಮುಚ್ಚಿದ್ದರೆ ಒಳಗಿನ ನೀರು ನಿಂತಿರುತ್ತದೆ. ಬಾಗಿಲು ತೆರೆದೇ ಬಿಟ್ಟರೆ ಪ್ರತಿ ಉಬ್ಬರವೂ ಕೆಸರು ಹೊತ್ತು ಒಳಬರುತ್ತದೆ. ಒಳಗೆ ನೀರಿನ ವೇಗ ತಗ್ಗಿದಾಗ ಕೆಸರು ತಳಕ್ಕೆ ಕೂರುತ್ತದೆ. ದಿನಕ್ಕೆ ಎರಡು ಬಾರಿ, ಹೀಗೆ ವರ್ಷಗಟ್ಟಲೆ. ಕಟ್ಟೆಯ ತುಂಬ ಹೂಳು ತುಂಬಿತು. ಗೋದಾಮುಗಳನ್ನು ಕೆಡವುವ ಯೋಜನೆಗಳೂ ಬಂದವು. ಅವು ಉಳಿದುಕೊಂಡದ್ದರಲ್ಲಿ 1952ರಲ್ಲೇ ರಾಷ್ಟ್ರೀಯ ಸಂರಕ್ಷಣಾ ಪಟ್ಟಿಗೆ ಅವನ್ನು ಸೇರಿಸಿದ್ದ ಕಾನೂನಿನ ಪಾಲು ದೊಡ್ಡದು.

1980ರ ಶಾಸನವೊಂದರ ಬಲದಿಂದ 1981ರ ಮಾರ್ಚ್‌ನಲ್ಲಿ ಮರ್ಸಿಸೈಡ್ ಅಭಿವೃದ್ಧಿ ನಿಗಮ ಹುಟ್ಟಿತು. ಇದರ ಸದಸ್ಯರನ್ನು ಆರಿಸಿದ್ದು ಮತದಾರರಲ್ಲ, ಲಂಡನ್ನಿನ ಮಂತ್ರಿ. ತನ್ನ ವ್ಯಾಪ್ತಿಯ ನೆಲದಲ್ಲಿ ಏನು ಕಟ್ಟಬಹುದೆಂದು ನಿರ್ಧರಿಸುವ ಅಧಿಕಾರ ಚುನಾಯಿತ ನಗರಾಡಳಿತದ ಕೈತಪ್ಪಿ ನಿಗಮಕ್ಕೆ ಹೋಯಿತು. ಅದೇ ಜುಲೈಯಲ್ಲಿ, ಹಡಗುಕಟ್ಟೆಗೆ ಹೆಚ್ಚು ದೂರವಿಲ್ಲದ ಟಾಕ್ಸ್‌ಟೆತ್ ಬಡಾವಣೆಯಲ್ಲಿ ನಿರುದ್ಯೋಗ, ಪೊಲೀಸರ ನಡವಳಿಕೆಗಳ ವಿರುದ್ಧ ಕುದಿಯುತ್ತಿದ್ದ ಸಿಟ್ಟು ಗಲಭೆಯಾಗಿ ಸಿಡಿಯಿತು. ನಿಗಮ ಬಂದದ್ದು ಗಲಭೆಯಿಂದ ಎಂದು ಹಲವರು ತಿಳಿದಿದ್ದಾರೆ. ತಾರೀಖುಗಳು ಬೇರೆಯದನ್ನೇ ಹೇಳುತ್ತವೆ. ಪರಿಸರ ಖಾತೆಯ ಸಚಿವ ಮೈಕೆಲ್ ಹೆಸೆಲ್ಟೈನ್ ಊರಿಗೆ ಬಂದು ಕೆಲವು ವಾರ ಓಡಾಡಿದರು, ಹಿಂತಿರುಗಿ ಹೆಚ್ಚಿನ ನೆರವು ಕೇಳಿದರು.

ಹೂಳೆತ್ತುವ ಕೆಲಸ ನಡೆಯಿತು, ಬಾಗಿಲುಗಳು ದುರಸ್ತಿಯಾದವು. 1984ರಲ್ಲಿ ಕಸ ಸುರಿಯುತ್ತಿದ್ದ ನೆಲವೂ ಸೇರಿದಂತೆ ನದಿಯಂಚಿನ ಜಾಗದಲ್ಲಿ ಅಂತಾರಾಷ್ಟ್ರೀಯ ಉದ್ಯಾನೋತ್ಸವ ನಡೆದು ಮೂವತ್ತು ಲಕ್ಷಕ್ಕೂ ಹೆಚ್ಚು ಜನ ಬಂದರು. ಉತ್ಸವ ಮುಗಿದ ಮೇಲೆ ಆ ಜಾಗದ ಬಹುಭಾಗ ಬಹುಕಾಲ ಪಾಳುಬಿತ್ತು. 1988ರಲ್ಲಿ ಆಲ್ಬರ್ಟ್ ಡಾಕ್‌ನಲ್ಲಿ ಟೇಟ್ ಕಲಾಸಂಗ್ರಹಾಲಯ ತೆರೆಯಿತು. ಅತ್ತ 1983ರಲ್ಲಿ ಅಧಿಕಾರಕ್ಕೆ ಬಂದ ನಗರಾಡಳಿತ ಬಡವರಿಗೆ ಮನೆ ಕಟ್ಟಿಸಲು ಹೊರಟು, ಹಣದ ವಿಷಯದಲ್ಲಿ ಲಂಡನ್ನಿನೊಡನೆ ಜಗಳಕ್ಕೆ ನಿಂತಿತ್ತು. ಒಂದೇ ಊರಿನಲ್ಲಿ ಎರಡು ಯೋಜನೆಗಳು, ಪರಸ್ಪರ ಮಾತಿಲ್ಲದಂತೆ! ನನ್ನ ಅಭಿಪ್ರಾಯ ಕೇಳಿದರೆ, ನಿಗಮ ಕಟ್ಟಡಗಳನ್ನು ಚೆನ್ನಾಗಿಯೇ ಉಳಿಸಿತು. ಆದರೆ ಅಂಗಡಿ, ಉಪಾಹಾರಗೃಹಗಳು ಬಂದ ಮಾತ್ರಕ್ಕೆ ಹಡಗಿನ ಸರಕು ಹೊರುತ್ತಿದ್ದವನ ಮಗನಿಗೆ ಉದ್ಯೋಗ ಸಿಕ್ಕಲಿಲ್ಲ. 1998ರಲ್ಲಿ ನಿಗಮವನ್ನು ಮುಚ್ಚಿದ ಮೇಲೂ ಜನ ಕಡಿಮೆಯಾಗುತ್ತಲೇ ಇದ್ದರು. 2001ರಲ್ಲಿ ಸುಮಾರು 4.4 ಲಕ್ಷಕ್ಕಿಳಿದ ಸಂಖ್ಯೆ 2021ರ ಗಣತಿಯಲ್ಲಿ ಸುಮಾರು 4.86 ಲಕ್ಷಕ್ಕೆ ಏರಿತು.

1981ರಲ್ಲಿ ಸಚಿವ ಸಂಪುಟದೊಳಗೆ ನಡೆದ ಚರ್ಚೆ ಏನೆಂಬುದು ಆಗ ಯಾರಿಗೂ ತಿಳಿಯಲಿಲ್ಲ. ಮೂವತ್ತು ವರ್ಷಗಳ ನಿಯಮದಂತೆ ಕಡತಗಳು 2011ರ ಡಿಸೆಂಬರ್‌ನಲ್ಲಿ ಹೊರಬಂದವು. ಹಣಕಾಸು ಸಚಿವ ಜೆಫ್ರಿ ಹೌ ಅವರು ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಅವರಿಗೆ ಬರೆದ ಪತ್ರ ಅದರಲ್ಲಿತ್ತು. ಇರುವ ಅಷ್ಟಿಷ್ಟು ಹಣವನ್ನು ಲಿವರ್‌ಪೂಲಿಗೇ ಸುರಿದರೆ ಹೆಚ್ಚು ಭರವಸೆಯುಳ್ಳ ಪ್ರದೇಶಗಳಿಗೆ ಏನೂ ಉಳಿಯದು; ಆ ಊರನ್ನು ಹಂತಹಂತವಾಗಿ ಕ್ಷೀಣಿಸಲು ಬಿಡುವ ದಾರಿಯನ್ನೂ ಪೂರ್ತಿ ಮರೆಯಬಾರದು; ಆದರೆ ಈ ಮಾತನ್ನು ಖಾಸಗಿಯಾಗಿಯೂ ಬಳಸುವಂತಿಲ್ಲ ಎಂಬುದು ಅದರ ಸಾರ. ಆ ದಾರಿ ಹಿಡಿಯಲಿಲ್ಲ. ಗಲಭೆಯ ಬೇಸಿಗೆಯಲ್ಲಿ ಇಪ್ಪತ್ತು ವರ್ಷದವನಾಗಿದ್ದ ಟಾಕ್ಸ್‌ಟೆತ್‌ನ ಹುಡುಗನಿಗೆ, ತನ್ನ ಊರಿನ ಬಗ್ಗೆ ಹೀಗೊಂದು ಪತ್ರ ಹೋಗಿತ್ತೆಂದು ತಿಳಿಯುವಾಗ ಐವತ್ತು ವರ್ಷ.