ಸಹಿ ಹಾಕುವ ಮುನ್ನ ಲೆಕ್ಕ ಹಾಕಿ

(ಹರಿಹರದಲ್ಲಿ ಸೇರಿದ್ದ ಟರ್ನರ್, ಫಿಟ್ಟರ್, ಮೆಷಿನಿಸ್ಟ್ ತರುಣರ ಮುಂದೆ ಆಡಿದ ಮಾತುಗಳ ಬರಹರೂಪ)



ಇಲ್ಲಿ ಕೂತಿರುವ ಬಹಳ ಜನರ ಜೇಬಿನಲ್ಲಿ ಒಂದಲ್ಲ ಒಂದು ಕೆಲಸದ ಕಾಗದ ಇದೆ. ಕಾಗದ ಇಲ್ಲದವರ ಮೊಬೈಲಿನಲ್ಲಿ ಏಜೆಂಟನ ಸಂದೇಶ ಇದೆ. ವರ್ಕ್‌ಶಾಪಿನಲ್ಲಿ ಆರ್ಡರು ಇಳಿದಿದೆ. ವಾರಕ್ಕೆ ಆರು ದಿನ ತಿರುಗುತ್ತಿದ್ದ ಚಕ್ಕು ಈಗ ನಾಲ್ಕೇ ದಿನ ತಿರುಗುತ್ತಿದೆ. ಮಾಲೀಕ "ಸ್ವಲ್ಪ ತಡ್ಕೊಳ್ರಪ್ಪ" ಅನ್ನುತ್ತಾನೆ. ಮಾವ ಪೀಣ್ಯಕ್ಕೆ ಹೋಗು ಅನ್ನುತ್ತಾನೆ, ಗೆಳೆಯ ದುಬೈಗೆ ಬಾ ಅನ್ನುತ್ತಾನೆ, ಅವ್ವ ಎಲ್ಲೂ ಹೋಗಬೇಡ ಅನ್ನುತ್ತಾಳೆ. ಇವರಲ್ಲಿ ಯಾರ ಮಾತು ಕೇಳಬೇಕು? ಯಾರದ್ದೂ ಬೇಡ, ಮೊದಲು ಪೆನ್ನು ಹಾಳೆ ತಗೊಂಡು ಕೂತ್ಕೊಳ್ಳಿ ಅಂತ ಹೇಳುವುದಕ್ಕೇ ನಾನು ಬಂದಿದ್ದು. ನಾನೂ ಲೇಥ್ ಹಿಡಿದವನೇ. ಬೆರಳಿನ ಸಂದಿಯಲ್ಲಿ ಕೂಲೆಂಟ್ ವಾಸನೆ ಇನ್ನೂ ಹೋಗಿಲ್ಲ.

ನಮ್ಮ ಊರುಗಳಿಗೆ ಇದು ಹೊಸ ಕಷ್ಟವೇನಲ್ಲ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದರು. 1930ರ ದಶಕದಿಂದ ಎದ್ದ ಹತ್ತಿಗಿರಣಿಗಳ ಸೈರನ್ನಿಗೆ ಊರು ಏಳುತ್ತಿತ್ತು, ಸೈರನ್ನಿಗೇ ಮಲಗುತ್ತಿತ್ತು. ಆ ಗಿರಣಿಗಳು ಒಂದೊಂದಾಗಿ ನಿಂತವು. ಇಂದಿನ ಹುಡುಗರಿಗೆ ದಾವಣಗೆರೆ ಅಂದರೆ ಬೆಣ್ಣೆದೋಸೆ, ಮಂಡಕ್ಕಿ, ಕಾಲೇಜು. ಹರಿಹರದ ಕಥೆ ನಿಮ್ಮ ಮನೆಮನೆಯ ಕಥೆ. 1941ರಲ್ಲಿ ಇಲ್ಲಿ ಮೈಸೂರು ಕಿರ್ಲೋಸ್ಕರ್ ಹುಟ್ಟಿತು. ಅದರ ಸುತ್ತಲ ಜಾಗಕ್ಕೆ ಯಂತ್ರಪುರ ಅಂತಲೇ ಹೆಸರಾಯಿತು. ಇಲ್ಲಿಂದ ಹೋದ ಎಂಟರ್‌ಪ್ರೈಸ್ ಲೇಥು, ಟರ್ನ್‌ಮಾಸ್ಟರ್ ಲೇಥು ದೇಶದ ಮೂಲೆಮೂಲೆಯ ವರ್ಕ್‌ಶಾಪಿನಲ್ಲಿ ನಿಂತವು. ಹಳೇ ಗರಡಿಯ ಟರ್ನರುಗಳನ್ನು ಕೇಳಿ, ಎಂಟರ್‌ಪ್ರೈಸ್ ಬೆಡ್ಡಿನ ಬಗ್ಗೆ ಅವರು ಎತ್ತಿನ ಬಗ್ಗೆ ಮಾತಾಡಿದ ಹಾಗೆ ಮಾತಾಡುತ್ತಾರೆ. ಅಂಥ ಕಾರ್ಖಾನೆ ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಮುಚ್ಚಿಹೋಯಿತು. 1991ರ ನಂತರ ಆಮದಿನ ಬಾಗಿಲು ತೆರೆಯಿತು, ಸಿಎನ್‌ಸಿ ಯಂತ್ರ ಬಂತು, ಕೈಲೇಥಿಗೆ ಬೇಡಿಕೆ ಕುಸಿಯಿತು. ಯಾರ ತಪ್ಪೆಷ್ಟು ಅಂತ ಇನ್ನೊಂದು ದಿನ ಜಗಳ ಆಡೋಣ.

ನಮಗೆ ಇವತ್ತು ಬೇಕಾದ್ದು ಬೇರೆ. ದೊಡ್ಡ ಬೋರ್ಡು ನೋಡಿ ಕೆಲಸಕ್ಕೆ ಸೇರಿದರೆ ಜೀವನ ಭದ್ರ ಅನ್ನುವ ನಂಬಿಕೆ ಹರಿಹರದಲ್ಲಿ ಹುಟ್ಟಿದವನಿಗೆ ಇರಬಾರದು. ಕಂಪನಿ ದಿವಾಳಿಯಾದರೆ ಸಾಲಗಾರರ ಸಾಲಿನಲ್ಲಿ ಕಾರ್ಮಿಕನೂ ನಿಲ್ಲಬೇಕು. 2016ರ ದಿವಾಳಿ ಸಂಹಿತೆಯಲ್ಲಿ ಕಾರ್ಮಿಕನ ಹಿಂದಿನ 24 ತಿಂಗಳ ಬಾಕಿಗೆ ಅಡಮಾನ ಹಿಡಿದ ಬ್ಯಾಂಕಿನ ಸಮಾನ ಸ್ಥಾನ ಇದೆ, ನಿಜ. ಆದರೆ ಕೋರ್ಟಿನ ಸ್ಥಾನಮಾನ ರೇಷನ್ ಅಂಗಡಿಯಲ್ಲಿ ನಡೆಯುತ್ತದೆಯೇ? ಭವಿಷ್ಯನಿಧಿ ಹಣದ ರೀತಿಯೇ ಬೇರೆ. ಅದು ದಿವಾಳಿಯಾದವನ ಆಸ್ತಿಯಲ್ಲಿ ಸೇರುವುದೇ ಇಲ್ಲ, ನಿಮ್ಮದೇ. ಆದ್ದರಿಂದ ಯಾವ ಕೆಲಸದ ಕಾಗದ ಬಂದರೂ ಮೊದಲ ಪ್ರಶ್ನೆ ಸಂಬಳ ಎಷ್ಟು ಅಂತಲ್ಲ, ಪಿಎಫ್ ಯಾವ ತಿಂಗಳಿಂದ ಅಂತ. ಸೇರಿದ ಮೇಲೂ ನಿಮ್ಮ ಯುಎಎನ್ ನಂಬರಿನಲ್ಲಿ ಪಾಸ್‌ಬುಕ್ ತೆಗೆದು ನೋಡಿ. ಸಂಬಳದ ಚೀಟಿಯಲ್ಲಿ ಕಡಿತ ಇದ್ದು ಪಾಸ್‌ಬುಕ್ಕಿನಲ್ಲಿ ಜಮಾ ಇಲ್ಲದಿದ್ದರೆ, ಆ ಹಣ ಮಾಲೀಕನ ಜೇಬಿನಲ್ಲಿದೆ ಅಂತ ಅರ್ಥ.

ಈಗ ಲೆಕ್ಕಕ್ಕೆ ಬರೋಣ. ನಾನು ಹೇಳುವ ಅಂಕಿ ಉದಾಹರಣೆಗೆ ಮಾತ್ರ, ನಿಮ್ಮ ಅಂಕಿ ನೀವು ಹಾಕಿಕೊಳ್ಳಿ. ಬೆಂಗಳೂರಿನಿಂದ ಕಾಗದ ಬಂದಿದೆ, ಸಿಟಿಸಿ 22,000. ಸಿಟಿಸಿ ಅಂದರೆ ಸಂಬಳವಲ್ಲ ಅಣ್ಣಾ, ನಿನ್ನ ಮೇಲೆ ಕಂಪನಿ ಮಾಡುವ ಒಟ್ಟು ಖರ್ಚು. ಮಾಲೀಕ ಕಟ್ಟುವ ಪಿಎಫ್, ಇಎಸ್‌ಐ ಕೂಡ ಅದರೊಳಗೇ ಇರುತ್ತದೆ. ಅದು ಸುಮಾರು 2,000 ಹೋದರೆ ಉಳಿದದ್ದು 20,000. ಮೂಲವೇತನ 12,000 ಇದ್ದರೆ ನಿನ್ನ ಪಾಲಿನ ಪಿಎಫ್ ನೂರಕ್ಕೆ 12ರಂತೆ 1,440. ಇಎಸ್‌ಐ ನೂರಕ್ಕೆ ಮುಕ್ಕಾಲು ರೂಪಾಯಿಯಂತೆ 150. ಕೈಗೆ ಬರುವುದು 18,410. ನಾಲ್ಕು ಜನ ಸೇರಿ ಮಾಡಿದ ರೂಮಿನ ಬಾಡಿಗೆ, ಕರೆಂಟು 4,000. ಊಟ 4,500. ಬಸ್ಸು, ಹಬ್ಬಕ್ಕೆ ಊರಿಗೆ ಬರುವ ರೈಲು, ಮೊಬೈಲು 1,500. ಉಳಿಯಿತಲ್ಲ, 8,410. ಕಾಗದದ ಮೇಲಿದ್ದ 22,000 ಎಲ್ಲಿಗೆ ಹೋಯಿತು ನೋಡಿದಿರಾ!

ಇನ್ನು ಊರಿನ ಕೆಲಸ. ದಿನಕ್ಕೆ 540 ರೂಪಾಯಿ ಅಂತಿಟ್ಟುಕೊಳ್ಳಿ. 26 ದಿನ ಪೂರ್ತಿ ಸಿಕ್ಕರೆ 14,040. ಮನೆಗೆ 3,000 ಕೊಟ್ಟು, ಪೆಟ್ರೋಲಿಗೆ 1,000 ಹಾಕಿದರೂ ಹತ್ತು ಸಾವಿರ ಉಳಿಯುತ್ತದೆ. ಬೆಂಗಳೂರಿಗಿಂತ ಹೆಚ್ಚು! ಹಾಗಾದರೆ ಊರೇ ಮೇಲು ಅಂತ ನಾನು ಚಪ್ಪಾಳೆ ಗಿಟ್ಟಿಸಬಹುದಿತ್ತು. ಆದರೆ ಈಗ ನಿಮಗೆ ಸಿಗುತ್ತಿರುವುದು 26 ದಿನವಲ್ಲ, 16. ಹದಿನಾರು ದಿನಕ್ಕೆ 8,640, ಖರ್ಚು ಕಳೆದರೆ 4,640. ಬೆಂಗಳೂರೇ ಮೇಲಾಯಿತು. ಎಲ್ಲಿ ಎರಡೂ ತಕ್ಕಡಿ ಸಮ ಆಗುತ್ತದೆ? ಈ ಅಂಕಿಗಳಲ್ಲಿ 23 ದಿನಕ್ಕೆ. ಅಂದರೆ ನೀವು ಮಾಲೀಕನನ್ನು ಕೇಳಬೇಕಾದ ಪ್ರಶ್ನೆ "ಕೆಲಸ ಯಾವಾಗ ಚುರುಕಾಗುತ್ತೆ ಸಾರ್" ಅಂತಲ್ಲ. ಮುಂದಿನ ಮೂರು ತಿಂಗಳು ತಿಂಗಳಿಗೆ 23 ದಿನ ಕೊಡ್ತೀರಾ, ಇಲ್ಲವಾ? ಹೌದು ಅಥವಾ ಇಲ್ಲ. ಒಳ್ಳೆಯ ಮಾಲೀಕ ಆರ್ಡರ್ ಪುಸ್ತಕ ತೋರಿಸುತ್ತಾನೆ. "ನೋಡೋಣ" ಅಂದರೆ ಉತ್ತರ ಸಿಕ್ಕಿದ ಹಾಗೇ. ಪೀಣ್ಯದ ಲೆಕ್ಕದಲ್ಲಿ ಮನೆಗೆ ಕಳಿಸುವ ದುಡ್ಡು ನಾನು ಹಿಡಿದಿಲ್ಲ ಅನ್ನುವುದೂ ನೆನಪಿರಲಿ. ಅಪ್ಪ ಕೇಳದಿದ್ದರೂ ತಂಗಿಯ ಫೀಸು ಕೇಳುತ್ತದೆ.

ದುಡ್ಡಿನ ಲೆಕ್ಕ ಇಷ್ಟು. ಕಸುಬಿನ ಲೆಕ್ಕ ಇದಕ್ಕಿಂತ ದೊಡ್ಡದು. ಹೊಸ ಜಾಗದಲ್ಲಿ ನಿಮ್ಮನ್ನು ಯಾವ ಯಂತ್ರದ ಮುಂದೆ ನಿಲ್ಲಿಸುತ್ತಾರೆ? ಸಿಎನ್‌ಸಿ ಆಪರೇಟರ್ ಅಂತ ಕಾಗದದಲ್ಲಿ ಬರೆದಿರುತ್ತದೆ. ಒಳಗೆ ಹೋದರೆ ಜಾಬು ಇಡು, ಬಾಗಿಲು ಹಾಕು, ಹಸಿರು ಗುಂಡಿ ಒತ್ತು, ಜಾಬು ತೆಗಿ. ಎಂಟು ಗಂಟೆ ಅದೇ. ಎರಡು ವರ್ಷ ಕಳೆದರೂ ಆಫ್‌ಸೆಟ್ ತಿದ್ದಲು ಬರುವುದಿಲ್ಲ, ಏಕೆಂದರೆ ತಿದ್ದಲು ಬಿಟ್ಟಿರುವುದೇ ಇಲ್ಲ. ಇನ್ನೊಂದು ಕಡೆ ಸಾವಿರ ರೂಪಾಯಿ ಕಡಿಮೆ, ಆದರೆ ಸೆಟ್ಟಿಂಗ್ ಕಲಿಸುತ್ತಾರೆ, ಡ್ರಾಯಿಂಗ್ ಓದಿಸುತ್ತಾರೆ, ಜಿ-ಕೋಡ್ ಬರೆಯಲು ಬಿಡುತ್ತಾರೆ. ನಾನಾದರೆ ಎರಡನೆಯದಕ್ಕೇ ಹೋಗುತ್ತೇನೆ. ಸೆಟ್ಟರ್‌ಗೆ ಕೆಲಸ ಹೋದರೆ ಇನ್ನೊಂದು ಗೇಟು ತೆರೆಯುತ್ತದೆ. ಗುಂಡಿ ಒತ್ತುವವನ ಹಿಂದೆ ಗುಂಡಿ ಒತ್ತಬಲ್ಲ ನೂರು ಜನ ನಿಂತಿರುತ್ತಾರೆ.

ಕಲಿಯುವುದಕ್ಕೆ ಬೆಂಗಳೂರಿಗೇ ಓಡಬೇಕಾಗಿಲ್ಲ. ಡೆನ್ಮಾರ್ಕ್ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸರ್ಕಾರಿ ಉಪಕರಣಾಗಾರ ತರಬೇತಿ ಕೇಂದ್ರ, ನಾವು ಜಿಟಿಟಿಸಿ ಅನ್ನುತ್ತೇವಲ್ಲ, ಅದರ ಕೇಂದ್ರ ನಮ್ಮ ಹರಿಹರದಲ್ಲೇ ಇದೆ. ವಾರದಲ್ಲಿ ಎರಡು ಮೂರು ದಿನ ಕೆಲಸ ಇಲ್ಲದೆ ಟೀ ಅಂಗಡಿ ಕಟ್ಟೆ ಕಾಯುವ ತಮ್ಮಂದಿರೇ, ಒಮ್ಮೆ ಅದರ ಗೇಟಿನೊಳಗೆ ಹೋಗಿ ಯಾವ ಯಾವ ಕೋರ್ಸು ಇದೆ ಅಂತಾದರೂ ಕೇಳಿ. ಮೈಕ್ರೋಮೀಟರ್ ಹಿಡಿಯಲು ಬರುವವನಿಗೆ ಪ್ರೋಗ್ರಾಮ್ ಕಲಿಯುವುದು ಬ್ರಹ್ಮವಿದ್ಯೆಯಲ್ಲ.

ಕಾಗದದ ವಿಷಯಕ್ಕೆ ಬರುತ್ತೇನೆ. ನೇಮಕಾತಿ ಪತ್ರದ ತಲೆಯ ಮೇಲೆ ಯಾರ ಹೆಸರಿದೆ? ಕಾರ್ಖಾನೆಯದೋ, ಕಂಟ್ರಾಕ್ಟರನದೋ? ದೊಡ್ಡ ಕಂಪನಿಯ ಗೇಟಿನೊಳಗೆ ದುಡಿದರೂ ಕಂಟ್ರಾಕ್ಟರನ ಹೆಸರಿದ್ದರೆ ನೀವು ಅವನ ಆಳು. "ಟ್ರೈನಿ", "ಅಪ್ರೆಂಟಿಸ್" ಅಂತ ಬರೆದಿದೆಯೇ? 1961ರ ಅಪ್ರೆಂಟಿಸ್ ಕಾಯ್ದೆಯಲ್ಲಿ ಅಪ್ರೆಂಟಿಸ್ ಕಾರ್ಮಿಕನಲ್ಲ, ಕಲಿಯುವವನು. ಅವನಿಗೆ ಸಿಗುವುದು ಸ್ಟೈಪೆಂಡು. ಐಟಿಐ ಮುಗಿಸಿದ ಹೊಸ ಹುಡುಗನಿಗೆ ಅದು ಒಳ್ಳೆಯ ಮೆಟ್ಟಿಲು. ಐದು ವರ್ಷ ಲೇಥ್ ಓಡಿಸಿದವನು ಮತ್ತೆ ಅದೇ ಮೆಟ್ಟಿಲ ಮೇಲೆ ಯಾಕೆ ಕೂರಬೇಕು?

2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಅವುಗಳ ಬಗ್ಗೆ ಸಂಘಗಳಿಗೆ ತಕರಾರು ಬೇಕಾದಷ್ಟಿದೆ. ಆದರೆ ಎರಡು ಮಾತು ನಿಮ್ಮ ಕೈಗೆ ಆಯುಧ. ನೇಮಕಾತಿ ಪತ್ರ ಈಗ ಎಲ್ಲರಿಗೂ ಕೊಡಲೇಬೇಕು. ನಿಗದಿತ ಅವಧಿಗೆ ಸೇರಿದವನಿಗೆ ಒಂದು ವರ್ಷ ದುಡಿದರೂ ಗ್ರಾಚುಯಿಟಿ ಲೆಕ್ಕ ಬರುತ್ತದೆ, ಕಾಯಂ ನೌಕರನ ಹಾಗೆ ಐದು ವರ್ಷ ಕಾಯಬೇಕಿಲ್ಲ. "ಲೆಟರ್ ಆಮೇಲೆ ಕೊಡ್ತೀವಿ, ಮೊದಲು ಬನ್ನಿ" ಅನ್ನುವವನ ಮುಖ ಚೆನ್ನಾಗಿ ನೋಡಿಕೊಂಡು ವಾಪಸ್ ಬನ್ನಿ. ಐಟಿಐ ಮೂಲ ಸರ್ಟಿಫಿಕೇಟನ್ನು ಯಾರ ಕಪಾಟಿಗೂ ಕೊಡಬೇಡಿ. ತೋರಿಸಿ, ಜೆರಾಕ್ಸ್ ಕೊಡಿ, ಮೂಲ ಮನೆಗೆ ತನ್ನಿ. ಗೆಳೆಯನೊಬ್ಬನ ಸರ್ಟಿಫಿಕೇಟನ್ನು ಒಂದು ಸಣ್ಣ ಕಾರ್ಖಾನೆಯವರು ಎಂಟು ತಿಂಗಳು ಇಟ್ಟುಕೊಂಡಿದ್ದರು. ಆ ಎಂಟು ತಿಂಗಳಲ್ಲಿ ಅವನಿಗೆ ಎರಡು ಕೆಲಸ ತಪ್ಪಿದವು.

ಆ ಪತ್ರ ಯಾವ ಭಾಷೆಯಲ್ಲಿದೆ? ಕರ್ನಾಟಕದ ನೆಲದಲ್ಲಿ, ಕನ್ನಡ ಮಾತ್ರ ಓದಬಲ್ಲ ದುಡಿಮೆಗಾರನ ಮುಂದೆ ಆರು ಪುಟದ ಇಂಗ್ಲಿಷ್ ಕಾಗದ ಇಟ್ಟು "ಇಲ್ಲಿ ಸೈನ್ ಮಾಡು" ಅನ್ನುವುದು ಯಾವ ನ್ಯಾಯ? ಕಾರ್ಖಾನೆಯ ಸ್ಥಾಯಿ ಆದೇಶಗಳನ್ನು ಹೆಚ್ಚಿನ ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲೂ ತೂಗುಹಾಕಬೇಕು ಅಂತ 1946ರ ಕಾಯ್ದೆಯಲ್ಲೇ ಇತ್ತು. ನಾಚಿಕೆ ಬೇಡ, ಕನ್ನಡದಲ್ಲಿ ಕೊಡಿ ಅಂತ ಕೇಳಿ. ಕೊಡದಿದ್ದರೆ ಒಂದು ದಿನ ಸಮಯ ಕೇಳಿ, ಓದಬಲ್ಲವರ ಹತ್ತಿರ ಓದಿಸಿ, ಆಮೇಲೆ ಸಹಿ. ಒಂದು ದಿನವೂ ತಡೆಯದ ಕೆಲಸ ಒಂದು ವರ್ಷ ಉಳಿಯುತ್ತದೆಯೇ?

ಗಲ್ಫಿನ ಮಾತು. ಹೋಗಬೇಡಿ ಅಂತ ನಾನು ಹೇಳುವುದಿಲ್ಲ. ಹೋದವರು ಮನೆ ಕಟ್ಟಿದ್ದನ್ನು ನೀವೂ ನೋಡಿದ್ದೀರಿ. 1983ರ ವಲಸೆ ಕಾಯ್ದೆಯ ಪ್ರಕಾರ ಏಜೆಂಟನಿಗೆ ಸರ್ಕಾರದ ನೋಂದಣಿ ಇರಬೇಕು, ಸೇವಾ ಶುಲ್ಕಕ್ಕೆ ನಿಯಮ ಹಾಕಿದ ಮಿತಿ 30,000 ರೂಪಾಯಿ, ಮೇಲೆ ತೆರಿಗೆ. ಒಂದೂವರೆ ಲಕ್ಷ ಕೇಳುವವನು ಏಜೆಂಟನಲ್ಲ. ವಿಸಿಟ್ ವೀಸಾದ ಮೇಲೆ ಬಾ, ಅಲ್ಲಿ ಬದಲಾಯಿಸೋಣ ಅನ್ನುವವನಂತೂ ನಿಮ್ಮನ್ನು ಅಲ್ಲಿ ಕಳ್ಳನನ್ನಾಗಿ ಮಾಡುತ್ತಾನೆ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿಗೆ ಗಲ್ಫ್ ದೇಶಗಳಿಗೆ ವಲಸೆ ಅನುಮತಿ ಬೇಕು. ಅದನ್ನು ತಪ್ಪಿಸಿಕೊಂಡು ಹೋದರೆ ನಾಳೆ ಅಲ್ಲಿ ಸಂಬಳ ನಿಂತಾಗ ನಿಮ್ಮ ಹೆಸರು ಯಾವ ದಾಖಲೆಯಲ್ಲೂ ಇರುವುದಿಲ್ಲ.

ಕಸುಬು ಬಿಟ್ಟು ಡೆಲಿವರಿಗೆ, ಸೆಕ್ಯೂರಿಟಿಗೆ ಹೋಗುವವರೂ ಇದ್ದೀರಿ. ಹಸಿವಿಗೆ ಉಪದೇಶ ಸಲ್ಲದು. ಮೂರು ತಿಂಗಳು, ಆರು ತಿಂಗಳು ಅಂತ ಗಡುವು ಹಾಕಿಕೊಂಡು ಹೋಗಿ, ಭಾನುವಾರ ಒಂದು ಪೂಟು ಯಾರದಾದರೂ ಲೇಥಿನ ಮೇಲೆ ಕೈ ಆಡಿಸಿ. ವರ್ಷಗಟ್ಟಲೆ ಮುಟ್ಟದಿದ್ದರೆ ಕೈಗೆ ಅಳತೆ ಮರೆಯುತ್ತದೆ.

"ನಮ್ಮ ನೆಲದ ಕೆಲಸ ನಮಗೇ ಯಾಕಿಲ್ಲ?" ಅಂತ ಹಿಂದಿನ ಸಾಲಿನಿಂದ ಒಬ್ಬರು ಕೂಗಿದರು. ನ್ಯಾಯವಾದ ಕೂಗು. ಸರೋಜಿನಿ ಮಹಿಷಿ ಸಮಿತಿಯ ಅಂತಿಮ ವರದಿ ಬಂದದ್ದು 1986ರಲ್ಲಿ. 2024ರ ಜುಲೈನಲ್ಲಿ ಖಾಸಗಿ ಕೆಲಸಗಳಲ್ಲಿ ಸ್ಥಳೀಯರಿಗೆ ಮೀಸಲಾತಿ ಕೊಡುವ ಮಸೂದೆಗೆ ಸಂಪುಟ ಒಪ್ಪಿತು, ಉದ್ಯಮಿಗಳು ಗದ್ದಲ ಮಾಡಿದ ಕೂಡಲೇ ಸರ್ಕಾರ ತಡೆಹಿಡಿಯಿತು. ಹೋರಾಟ ನಡೆಯಲೇಬೇಕು. ಆದರೆ ನಿಮ್ಮ ಕೈಯಲ್ಲಿರುವ ಕಾಗದಕ್ಕೆ ಸೋಮವಾರದೊಳಗೆ ಉತ್ತರ ಕೊಡಬೇಕಲ್ಲ?

ಅದಕ್ಕೇ ಭಾಷಣ ಇಲ್ಲಿಗೆ ಸಾಕು. ಕಾಗದ ತಂದವರು ಮುಂದೆ ಬನ್ನಿ. ಪತ್ರ, ಸಂಬಳದ ಚೀಟಿ, ಪಾಸ್‌ಬುಕ್ಕು ಏನಿದ್ದರೂ ಮೇಜಿನ ಮೇಲೆ ಇಡಿ. ಒಂದೊಂದಾಗಿ ಕನ್ನಡದಲ್ಲಿ ಓದೋಣ.