ಫಿಶ್ ಅಂಡ್ ಚಿಪ್ಸ್: ತಣ್ಣನೆ ಬಿಯರ್, ಮನೆಯ ಎಣ್ಣೆ

ಓದೋಕೆ, ಕೆಲಸಕ್ಕೆ ಅಂತ ಇಂಗ್ಲೆಂಡಿಗೆ ಬರೋ ನಮ್ಮ ಹುಡುಗ ಹುಡುಗಿಯರಿಗೆ ಒಂದು ವಿಷಯ ಮೊದಲೇ ಹೇಳಿಬಿಡ್ತೀನಿ. ನಾನಿರುವ ಯಾರ್ಕ್‌ಶೈರ್ ಕಡೆಯ ಎಷ್ಟೋ ಫಿಶ್ ಅಂಡ್ ಚಿಪ್ಸ್ ಅಂಗಡಿಗಳಲ್ಲಿ ಮೀನು ಕರಿಯೋದು ಬೀಫ್ ಡ್ರಿಪ್ಪಿಂಗ್‌ನಲ್ಲಿ, ಅಂದ್ರೆ ಕರಗಿಸಿದ ದನದ ಕೊಬ್ಬಿನಲ್ಲಿ. ಚಿಪ್ಸ್ ಕೂಡ ಅದರಲ್ಲೇ. ಇಲ್ಲಿಯವರಿಗೆ ಆ ರುಚಿನೇ ಹೆಮ್ಮೆ, ಅದರಲ್ಲಿ ತಪ್ಪೇನಿಲ್ಲ. ಆದ್ರೆ ದನದ ಮಾಂಸ ತಿನ್ನದವರು, 'ಬರೀ ಆಲೂಗಡ್ಡೆ ತಾನೆ' ಅಂತ ಕೊಳ್ಳೋ ಸಸ್ಯಾಹಾರಿಗಳು ಯಾವುದರಲ್ಲಿ ಕರಿದಿದ್ದು ಅಂತ ಒಂದು ಮಾತು ಕೇಳಿ ತಗೊಳ್ಳಿ. ನಾನಂತೂ ಮನೆಯಲ್ಲೇ ಸೂರ್ಯಕಾಂತಿ ಎಣ್ಣೆಯಲ್ಲಿ ಮಾಡ್ತೀನಿ.

ಚಿಪ್ಸ್ ಅಂದ್ರೆ ನಮ್ಮ ಬೇಕರಿಯ ತೆಳು ಚಿಪ್ಸ್ ಅಲ್ಲ, ಅದಕ್ಕೆ ಇಲ್ಲಿ ಕ್ರಿಸ್ಪ್ಸ್ ಅಂತಾರೆ. ಇದು ಬೆರಳು ದಪ್ಪದ ತುಂಡು. ಹೆಚ್ಚಿ, ನೀರಲ್ಲಿ ತೊಳೆದು, ಬಟ್ಟೆಯಲ್ಲಿ ಒರೆಸಿ, ಎರಡು ಸಲ ಕರೀಬೇಕು. ಮೊದಲು 140 ಡಿಗ್ರಿಯಲ್ಲಿ, ಬಣ್ಣ ಬರದ ಹಾಗೆ ಮೆತ್ತಗಾಗುವವರೆಗೆ. ತೆಗೆದು ಆರೋಕೆ ಬಿಡಿ. ಮೀನು ಆದಮೇಲೆ 190ರಲ್ಲಿ ಇನ್ನೊಂದು ಸಲ. ಒಂದೇ ಸಲಕ್ಕೆ ಮುಗಿಸೋಕೆ ಹೋದ್ರೆ ಹೊರಗೆ ಕಂದು, ಒಳಗೆ ಹಸಿ.

ಈಗ ಬಿಯರ್. ಬಜ್ಜಿ ಹಿಟ್ಟಿಗೆ ನಾವು ಚಿಟಿಕೆ ಸೋಡಾ ಹಾಕ್ತೀವಲ್ಲ, ಅದೇ ಕೆಲಸ ಇದರದ್ದು. ಬಿಯರ್‌ನಲ್ಲಿರೋ ಗ್ಯಾಸ್ ಬಿಸಿ ಎಣ್ಣೆ ತಾಗಿದ ತಕ್ಷಣ ಉಬ್ಬುತ್ತೆ, ಹಿಟ್ಟು ಹಗುರಾಗುತ್ತೆ. ಆಲ್ಕೋಹಾಲ್ ನೀರಿಗಿಂತ ಬೇಗ ಆವಿಯಾಗೋದ್ರಿಂದ ಹೊದಿಕೆ ಬೇಗ ಗರಿಯಾಗುತ್ತೆ. ಹಾಗಂತ ಆಲ್ಕೋಹಾಲ್ ಪೂರ್ತಿ ಹೋಗಿಬಿಡುತ್ತೆ ಅನ್ನೋ ಮಾತು ನಂಬಬೇಡಿ, ಸ್ವಲ್ಪ ಉಳಿಯುತ್ತೆ. ಮುಟ್ಟದವರಿಗೆ, ಮಕ್ಕಳಿಗೆ ಮಾಡುವಾಗ ತಣ್ಣನೆ ಸೋಡಾ ನೀರು ಹಾಕಿ. ರುಚಿ ಸ್ವಲ್ಪ ಸಪ್ಪೆ, ಗರಿಗರಿಗೇನೂ ಮೋಸ ಇಲ್ಲ.

ನಾಲ್ಕು ಜನಕ್ಕೆ 200 ಗ್ರಾಂ ಮೈದಾ, ಒಂದು ಚಮಚ ಬೇಕಿಂಗ್ ಪೌಡರ್, ಉಪ್ಪು. ಎಣ್ಣೆ 180 ಡಿಗ್ರಿಗೆ ಬಂದ ಮೇಲೇನೇ ಫ್ರಿಜ್‌ನಿಂದ ಬಿಯರ್ ತೆಗೀರಿ, 275 ಎಂ.ಎಲ್. ಸುಮಾರಿಗೆ ಸುರಿದು ನಾಲ್ಕು ಸಲ ತಿರುವಿ ಬಿಟ್ಟುಬಿಡಿ. ಗಂಟು ಇದ್ರೂ ಇರಲಿ. ಜಾಸ್ತಿ ಕಲಸಿದ್ರೆ ಗ್ಯಾಸ್ ಹೋಗುತ್ತೆ, ಮೈದಾ ಜಿಗುಟಾಗಿ ಹೊದಿಕೆ ರಬ್ಬರ್ ಥರ ಆಗುತ್ತೆ.

ಮೀನು ಯಾರ್ಕ್‌ಶೈರ್‌ನಲ್ಲಿ ಹ್ಯಾಡಕ್, ಲಂಡನ್ ಕಡೆ ಕಾಡ್. ನಮ್ಮ ಕರಾವಳಿಯ ರವಾ ಫ್ರೈ ಥರ ಮಸಾಲೆ ಹಚ್ಚಿ ನೆನೆಸೋದಿಲ್ಲ. ಮುಳ್ಳಿಲ್ಲದ ತುಂಡನ್ನ ಚೆನ್ನಾಗಿ ಒರೆಸಿ, ಒಣ ಮೈದಾದಲ್ಲಿ ಹೊರಳಿಸಿ, ಆಮೇಲೆ ಹಿಟ್ಟಿಗೆ ಅದ್ದಿ. ಒಣ ಮೈದಾ ಬಿಟ್ರೆ ಹೊದಿಕೆ ಜಾರಿ ಕಳಚಿಕೊಳ್ಳುತ್ತೆ. ಎಣ್ಣೆಗೆ ಬಿಡುವಾಗ ಬಾಲದ ತುದಿ ಹಿಡಿದು, ನಿಮ್ಮಿಂದ ಆಚೆ ಕಡೆಗೆ, ನಿಧಾನವಾಗಿ. ಐದಾರು ನಿಮಿಷ ಸಾಕು. ತೆಗೆದು ಜಾಲರಿ ಮೇಲಿಡಿ, ಪೇಪರ್ ಮೇಲೆ ಹರಡಿದ್ರೆ ತಳ ಮೆತ್ತಗಾಗುತ್ತೆ.

ಇನ್ನೊಂದು ಮಾತು, ಇದು ರುಚಿಗಿಂತ ಮುಖ್ಯ. ಬಾಡಿಗೆ ಮನೆಯ ಪುಟ್ಟ ಅಡುಗೆಮನೆ, ಕೈಯಲ್ಲಿ ಫೋನು, ಒಲೆ ಮೇಲೆ ಕಾದ ಎಣ್ಣೆ. ಪಾತ್ರೆಯ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಎಣ್ಣೆ ಬೇಡ. ಹೊಗೆ ಕಂಡ್ರೆ ಒಲೆ ಆರಿಸಿ. ಬೆಂಕಿ ಹೊತ್ತಿಕೊಂಡ್ರೆ ನೀರು ಮಾತ್ರ ಸುರೀಬೇಡಿ, ಉರಿ ಚಾವಣಿಗೆ ಏರುತ್ತೆ. ಪಾತ್ರೆ ಎತ್ತಿಕೊಂಡು ಓಡಲೂಬೇಡಿ. ಆದ್ರೆ ಒಲೆ ಆರಿಸಿ, ಬಾಗಿಲು ಎಳೆದುಕೊಂಡು ಹೊರಗೆ ಬಂದು 999ಕ್ಕೆ ಫೋನ್ ಮಾಡಿ.

ಬಡಿಸುವಾಗ ಉಪ್ಪು, ಮೇಲೆ ಮಾಲ್ಟ್ ವಿನೆಗರ್. ನಿಂಬೆಹಣ್ಣು ಹೋಟೆಲಿನವರ ಅಲಂಕಾರ ಅಂತ ನನ್ನ ಅಭಿಪ್ರಾಯ. ಬಟಾಣಿ ಬೇಯಿಸಿ ಮಸೆದ ಮಶಿ ಪೀಸ್ ಪಕ್ಕಕ್ಕೆ ಇರಲಿ, ಅದಕ್ಕೆ ಒಂದು ಹಸಿಮೆಣಸು ಹೆಚ್ಚಿ ಹಾಕಿದ್ರೆ ಯಾರ್ಕ್‌ಶೈರಿನವರೂ ಬೇಡ ಅನ್ನಲ್ಲ.